ಬಾಗಿಲು ಕಿತ್ಕೊಂಡು ಹೋದವರು: ನಮ್ಮ ಕಡೆ ಜಪ್ತಿಯ ಚರಿತ್ರೆ

1/8
ಫೋಟೋದಲ್ಲಿರೋದು ನಮ್ಮನೆ ಮುಂಬಾಗಿಲು. ಮೊಳಕಾಲ್ಮುರು ತಾಲ್ಲೂಕಿನ ನಮ್ಮೂರಲ್ಲಿ ತೆಗೆದಿದ್ದು. ಸರಿಯಾಗಿ ನೋಡಿ. ಚೌಕಟ್ಟು ಹಳೇದು, ಬಾಗಿಲು ಆಮೇಲೆ ಹಾಕಿಸಿದ್ದು, ಒಂದಕ್ಕೊಂದು ಹೊಂದಲ್ಲ. ಮೇಲ್ಗಡೆ ಎರಡು ಬೆರಳು ಸಂದು ಇದೆ. ಚಳಿ ಬಂದ್ರೆ ಅಜ್ಜಿ ಅಲ್ಲಿ ಹಳೇ ಸೀರೆ ತುರುಕ್ತಾರೆ.

ಹಳೇ ಬಾಗಿಲು ಜಪ್ತಿ ಆಯ್ತು. ಅಪ್ಪ ಆಗ ನಾಲ್ಕನೇ ಕ್ಲಾಸು. ಎರಡು ವರ್ಷ ಮಳೆ ಇಲ್ಲ, ಶೇಂಗಾ ಕೈಗೆ ಬರ್ಲಿಲ್ಲ, ಸಾಲದ ಕಂತು ನಿಂತ್ಹೋಯ್ತು. ಒಂದಿನ ಜೀಪ್ ಬಂತು. ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಡ ಹೊರಗಿಟ್ರು. ಅದು ಸಾಲ್ದು ಅಂತ ಬಾಗಿಲನ್ನೇ ಕಿತ್ರು. "ಊರೆಲ್ಲ ನಿಂತ್ಕಂಡು ನೋಡ್ತಿತ್ತು ಕಣವ್ವ. ಹಂಡೆ ಹೋಗಿದ್ದು ದುಃಖ ಅಲ್ಲ. ಆವತ್ತು ರಾತ್ರಿ ಬಾಗ್ಲಿಲ್ದ ಮನೇಲಿ ಸೀರೆ ಅಡ್ಡ ಕಟ್ಕಂಡು ಮಲಗಿದ್ನಲ್ಲ, ಅದು" ಅಂತಾರೆ ಅಜ್ಜಿ.

ಬಂದವರು ಕೋರ್ಟಿನವರೋ, ಸೊಸೈಟಿಯವರೋ, ಬ್ಯಾಂಕಿನವರೋ? ಅಜ್ಜಿಗೆ ಗೊತ್ತಿಲ್ಲ. ಅವರ ಪ್ರಕಾರ ಜೀಪಲ್ಲಿ ಬಂದು ಪಾತ್ರೆ ಎತ್ತಿದವರೆಲ್ಲ "ಅಮೀನ". ಯಾರೂ ಕಾಗದ ಕೇಳ್ಲಿಲ್ಲ, ಯಾರೂ ತೋರಿಸ್ಲೂ ಇಲ್ಲ.

ಹೋದ ತಿಂಗಳು ನನ್ನ ಕ್ಲಾಸ್‌ಮೇಟ್ ಒಬ್ಬಳ ಮನೇಲಿ ಹೆಚ್ಚುಕಮ್ಮಿ ಇದೇ ನಡೀತು. ಅದಕ್ಕೇ ಈ ಸರಣಿ. ಅವಳ ಕಥೆಗೆ ಕೊನೇಲಿ ಬರ್ತೀನಿ (ಅವಳನ್ನ ಕೇಳೇ ಬರೀತಿದೀನಿ, ಹೆಸರು ಹಾಕಲ್ಲ).

2/8
"ಧರಣಿ" ಅಂದ್ರೆ ನಮಗೆ ತಾಲ್ಲೂಕು ಆಫೀಸ್ ಮುಂದಿನ ಶಾಮಿಯಾನ. ಆದ್ರೆ ಹಿಂದೆ ಧರಣಿ ಕೂರೋದು ಸಾಲ ವಸೂಲಿಯ ಒಂದು ದಾರಿ ಆಗಿತ್ತು. ಸಾಲ ಕೊಟ್ಟೋನು ಸಾಲಗಾರನ ಬಾಗಿಲಲ್ಲಿ ಊಟ ಬಿಟ್ಟು ಕೂರೋನು. ಅವನಿಗೆ ಏನಾದ್ರೂ ಆದ್ರೆ ಪಾಪ ಮನೆಯವರ ತಲೆಗೆ! 1860ರ ಇಂಡಿಯನ್ ಪೀನಲ್ ಕೋಡ್ ತೆಗೆದು 508ನೇ ಸೆಕ್ಷನ್ ನೋಡಿ. ದೇವರ ಕೋಪ ತಟ್ಟುತ್ತೆ ಅಂತ ನಂಬಿಸಿ ಇನ್ನೊಬ್ಬರ ಬಾಗಿಲಲ್ಲಿ ಧರಣಿ ಕೂರೋದನ್ನ ಅಪರಾಧಕ್ಕೆ ಉದಾಹರಣೆ ಅಂತ್ಲೇ ಅಲ್ಲಿ ಬರೆದಿದ್ದಾರೆ.

ಇನ್ನೂ ಹಿಂದೆ, 13ನೇ ಶತಮಾನದ ಕೊನೇಲಿ ದಕ್ಷಿಣದ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಒಂದು ವಿಚಿತ್ರ ಪದ್ಧತಿ ಬಗ್ಗೆ ಹೇಳ್ತಾನೆ. ಸಾಲ ಕೊಟ್ಟೋನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದ್ರೆ, ಸಾಲ ತೀರಿಸೋ ತನಕ ಅವನು ಆ ಗೆರೆ ದಾಟೋ ಹಾಗಿಲ್ಲ. ರಾಜನೇ ಕುದುರೆ ಮೇಲೆ ಹೋಗ್ತಿದ್ದಾಗ ಒಬ್ಬ ವ್ಯಾಪಾರಿ ಅವನ ಸುತ್ತ ಗೆರೆ ಎಳೆದನಂತೆ, ರಾಜನೂ ನಿಂತನಂತೆ!

ಎರಡರಲ್ಲೂ ಮುಟ್ಟಿದ್ದು ಸಾಮಾನನ್ನಲ್ಲ. ನಾಲ್ಕು ಜನರ ಮುಂದೆ ನಿಲ್ಲಿಸೋದೇ ವಸೂಲಿ. ನಮ್ಮ ಕಾಮರ್ಸ್ ಪುಸ್ತಕದಲ್ಲಿ ಸಾಲಕ್ಕೆ ಭದ್ರತೆ ಅಂದ್ರೆ ಚಿನ್ನ, ಜಮೀನು, ಜಾಮೀನು. ಊರಲ್ಲಿ ನಾಲ್ಕನೇದೂ ಒಂದಿದೆ: ಮರ್ಯಾದೆ. ಅದನ್ನ ಯಾವ ಪತ್ರದಲ್ಲೂ ಬರೆಯಲ್ಲ, ಆದ್ರೆ ಎಲ್ಲರೂ ಮೊದಲು ಕೈ ಹಾಕೋದು ಅದಕ್ಕೇ.

3/8
ಮೊಳಕಾಲ್ಮುರು ದಾಟಿದ್ರೆ ಬಳ್ಳಾರಿ ಸೀಮೆ. ಅದು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ನಾವು ಮೈಸೂರು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೆ ರೈತರಿಗೆ ಹಿಂಸೆ ಕೊಡ್ತಾರೆ ಅನ್ನೋ ದೂರು ಲಂಡನ್ ಪಾರ್ಲಿಮೆಂಟ್ ತನಕ ಹೋಗಿ, ಒಂದು ಆಯೋಗ ಕೂತು, 1855ರಲ್ಲಿ ವರದಿ ಕೊಡ್ತು. ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸೋದು, ಬೆನ್ನ ಮೇಲೆ ಕಲ್ಲು ಹೇರೋದು, ಬೆರಳು ಹಿಸುಕೋದು, ಊಟಕ್ಕೆ ಬಿಡದೆ ಕೂಡಿಹಾಕೋದು. ಓದ್ತಾ ಹೋದ್ರೆ ಊಟ ಸೇರಲ್ಲ, ಇಷ್ಟು ಸಾಕು.

ಇದಾದ ನಾಲ್ಕೇ ವರ್ಷಕ್ಕೆ, 1859ರಲ್ಲಿ, ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಸಿವಿಲ್ ಪ್ರೊಸೀಜರ್ ಕೋಡ್ ಬಂತು. ಈಗಲೂ ಕೋರ್ಟಲ್ಲಿ ನಡೀತಿರೋದು 1908ರದ್ದು. ವಕೀಲರು ಸಿಪಿಸಿ ಅಂತಾರೆ.

4/8
ಈ ಪೋಸ್ಟ್ ಮಾತ್ರ ಸೇವ್ ಮಾಡ್ಕೊಳ್ಳಿ, ಉದ್ದ ಆದ್ರೂ ಪರವಾಗಿಲ್ಲ.

ಕೋರ್ಟ್ ಡಿಕ್ರಿ ಆದ್ಮೇಲೂ ಸಾಲಗಾರ ದುಡ್ಡು ಕಟ್ಟದಿದ್ರೆ ಅಮಲ್ಜಾರಿ ಅರ್ಜಿ ಹಾಕ್ತಾರೆ. ಕೋರ್ಟ್ ವಾರಂಟ್ ಕೊಡುತ್ತೆ, ಅದನ್ನ ಹಿಡ್ಕೊಂಡು ಬರೋನು ಅಮೀನ. ಅವನಿಗೆ ಅಧಿಕಾರ ಇರೋದು ಆ ಕಾಗದದಿಂದ, ಜೀಪಿಂದಲ್ಲ.

ಏನೇನು ಮುಟ್ಟೋ ಹಾಗಿಲ್ಲ ಅನ್ನೋದು ಸಿಪಿಸಿ 60ನೇ ಸೆಕ್ಷನ್‌ನಲ್ಲಿದೆ. ಉಡೋ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಧರ್ಮದ ರೂಢಿ ಪ್ರಕಾರ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಅಂದ್ರೆ ತಾಳಿ ಥರದ್ದು. ಕಸುಬುದಾರರ ಸಲಕರಣೆ. ರೈತನ ಬೇಸಾಯದ ಸಾಮಾನು, ಜೊತೆಗೆ ಅವನ ಜೀವನಕ್ಕೆ ಬೇಕು ಅಂತ ಕೋರ್ಟಿಗೆ ಅನಿಸಿದಷ್ಟು ದನ ಮತ್ತು ಬಿತ್ತನೆ ಬೀಜ. ರೈತ, ಕೂಲಿಯವರು, ಮನೆಗೆಲಸದವರು ವಾಸ ಮಾಡೋ ಸ್ವಂತ ಮನೆ (ಮನೆಯನ್ನೇ ಅಡಮಾನ ಇಟ್ಟಿದ್ರೆ ಆ ಸಾಲಕ್ಕೆ ಈ ರಕ್ಷಣೆ ಸಿಗಲ್ಲ, ಹುಷಾರು).

ನಮ್ಮ ಕಡೆಗೆ ಹಚ್ಚಿ ನೋಡಿ. ಮೊಳಕಾಲ್ಮುರಲ್ಲಿ ರೇಷ್ಮೆ ಸೀರೆ ನೇಯೋರ ಗುಂಡಿ ಮಗ್ಗ, ಲಾಳಿ ಎಲ್ಲ ಕಸುಬಿನ ಸಲಕರಣೆ. ಚಳ್ಳಕೆರೆ ರೈತ ಮುಂಗಾರಿಗೆ ಅಂತ ಚೀಲ ಕಟ್ಟಿಟ್ಟ ಶೇಂಗಾ ಬಿತ್ತನೆ ಬೀಜ. ಆದ್ರೆ ಎಣ್ಣೆ ಮಿಲ್ಲಿಗೆ ಹಾಕೋಕೆ ಇಟ್ಟಿರೋ ಶೇಂಗಾ ಬಿತ್ತನೆ ಬೀಜ ಅಲ್ಲ! ಇನ್ನೊಂದು ನಮ್ಮ ಬಿಕಾಂ ಬಳಗಕ್ಕೆ: ಲೆಕ್ಕದ ಪುಸ್ತಕಗಳನ್ನೂ ಜಪ್ತಿ ಮಾಡೋ ಹಾಗಿಲ್ಲ. ಲೆಡ್ಜರ್‌ಗೆ ಅಷ್ಟು ಗೌರವ ಕೊಟ್ಟಿರೋದು ನೋಡಿ ನನಗೆ ನಗು ಬಂತು.

ಈಗ 62ನೇ ಸೆಕ್ಷನ್. ನನಗೆ ತುಂಬಾ ಹಿಡಿಸಿದ್ದು ಇದು. ಸಾಮಾನು ಜಪ್ತಿಗೆ ಅಂತ ಸೂರ್ಯ ಮುಳುಗಿದ ಮೇಲೆ, ಹುಟ್ಟೋದಕ್ಕೆ ಮುಂಚೆ ಯಾರ ವಾಸದ ಮನೆಗೂ ಅಮೀನ ಕಾಲಿಡೋ ಹಾಗಿಲ್ಲ. ಹೊರಬಾಗಿಲು ಒಡೆಯೋ ಹಾಗಿಲ್ಲ. ಅದು ಸಾಲಗಾರನೇ ಇರೋ ಮನೆಯಾಗಿದ್ದು, ಅವನು ಒಳಗೆ ಬಿಡದೆ ಅಡ್ಡ ನಿಂತ್ರೆ ಮಾತ್ರ ಒಡೆಯಬಹುದು. ಹೊರಗಿನವರ ಎದುರು ಬರದ ಹೆಣ್ಣುಮಕ್ಕಳು ಕೋಣೆಯಲ್ಲಿದ್ರೆ ಮೊದಲು ತಿಳಿಸಿ, ಅವರು ಹೊರಗೆ ಹೋಗೋಕೆ ಸಮಯ ಕೊಟ್ಟು, ಆಮೇಲೆ ಒಳಗೆ ಹೋಗಬೇಕು. ಈ ಹೊರಬಾಗಿಲ ಲೆಕ್ಕಾಚಾರದ ಮೂಲ ಇಂಗ್ಲೆಂಡಿನ 1604ರ ಸೆಮೇನ್ ಕೇಸು. ಸಾಲದ ವಿಷಯಕ್ಕೆ ಶೆರಿಫ್ ಮನೆಯ ಹೊರಬಾಗಿಲು ಒಡೆಯಬಾರದು ಅಂತ ಅಲ್ಲಿನ ಕೋರ್ಟ್ ಹೇಳಿತ್ತು.

ಹಾಗಂತ ಕಾನೂನು ಪೂರ್ತಿ ಸಾಧು ಅಲ್ಲ. ಜಮೀನು ಜಪ್ತಿ ಮಾಡಿದ್ರೆ ಸ್ಥಳದಲ್ಲಿ ತಮಟೆ ಹೊಡೆದು ಸಾರಬೇಕು ಅಂತಲೂ ಅದೇ ಸಿಪಿಸಿ ಹೇಳುತ್ತೆ. ಕೊಳ್ಳೋರಿಗೆ ಗೊತ್ತಾಗಲಿ ಅಂತ ಅಂತೆ. ಗೊತ್ತಾಗೋದು ಊರಿಗೆಲ್ಲ.

5/8
ಇಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ, ಮಲೆನಾಡಿಗೆ ಹೋಗೋಣ. (ತುರುವನೂರಲ್ಲಿ 1939ರಲ್ಲಿ ಈಚಲು ಮರ ಕಡಿದ ಅರಣ್ಯ ಸತ್ಯಾಗ್ರಹ ಬಿಟ್ಟು ಅಲ್ಲಿಗ್ಯಾಕೆ ಅಂತ ಕಾಮೆಂಟ್ ಹಾಕ್ಬೇಡಿ. ಅದಕ್ಕೆ ಬೇರೆ ಸರಣಿನೇ ಮಾಡ್ತೀನಿ.)

ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಾನೂನುಭಂಗ ಚಳವಳಿ ಟೈಮಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟಲ್ಲ ಅಂದ್ರು. ಸರ್ಕಾರ ಅವರ ಆಸ್ತಿ ಜಪ್ತಿ ಮಾಡಿ ಹರಾಜಿಗಿಟ್ತು. ಆದ್ರೆ ಹರಾಜು ಕೂಗೋಕೆ ಊರಲ್ಲೇ ಯಾರಾದ್ರೂ ಬೇಕಲ್ಲ? ಕೆಲವರು ಮುಂದೆ ಬಂದ್ರು, ನೆರೆಯವರ ಆಸ್ತಿ ಅಗ್ಗಕ್ಕೆ ಕೊಂಡ್ರು.

1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಹೀಗೆ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತ್ರು. ಎರಡನೇ ಭಾಗದ ಧರಣಿ ನೆನಪಾಯ್ತಾ? ಸಾಲ ಕೊಟ್ಟೋರು ಬಡವರ ಬಾಗಿಲಲ್ಲಿ ಹೂಡ್ತಿದ್ದ ಅಸ್ತ್ರವನ್ನ ಇವರು ತಿರುಗಿಸಿ ಹಿಡಿದ್ರು. ನಾಚಿಕೆ ಆಗಬೇಕಾದ್ದು ಕಳ್ಕೊಂಡ ನಮಗಲ್ಲ, ಕೊಂಡ ನಿನಗೆ ಅಂತ. 1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಮರುವರ್ಷ ಕಾನೂನು ಮಾಡಿ, ಹೀಗೆ ಕಿತ್ಕೊಂಡಿದ್ದ ಜಮೀನು ವಾಪಸ್ ಕೊಡಿಸೋ ಕೆಲಸ ಶುರು ಮಾಡ್ತು.

6/8
ಸ್ವಾತಂತ್ರ್ಯ ಬಂತು, ಜೀಪು ನಿಲ್ಲಲಿಲ್ಲ. 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಬಡವರ ಖಾಸಗಿ ಸಾಲ ಮನ್ನಾ ಮಾಡ್ತು. ಆದ್ರೆ ಸೊಸೈಟಿ, ಬ್ಯಾಂಕ್, ಸರ್ಕಾರಿ ಬಾಕಿ ಇದ್ದೇ ಇತ್ತು.

1980ರ ಜುಲೈ 21. ಮಲಪ್ರಭಾ ನೀರಾವರಿ ಪ್ರದೇಶದ ನರಗುಂದ, ನವಲಗುಂದದಲ್ಲಿ ಬೆಟರ್‌ಮೆಂಟ್ ಲೆವಿ ಅನ್ನೋ ಕರದ ವಿರುದ್ಧ ರೈತರು ಎದ್ರು. ಗೋಲಿಬಾರ್ ಆಯ್ತು, ರೈತರು ಸತ್ರು. ಇವತ್ತಿಗೂ ಆ ದಿನ ರೈತ ಹುತಾತ್ಮ ದಿನ. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅದರ ಮುಖ ಆಗಿದ್ದ ಎಂ.ಡಿ. ನಂಜುಂಡಸ್ವಾಮಿ ಕಾನೂನು ಮೇಷ್ಟ್ರು. ಹಸಿರು ಶಾಲು ಹಾಕ್ಕೊಂಡ ರೈತರು ಊರ ಬಾಗಿಲಿಗೆ ಬೋರ್ಡ್ ಹಾಕಿದ್ರು: ಊರಿನ ಅಪ್ಪಣೆ ಇಲ್ಲದೆ ವಸೂಲಿ ಅಧಿಕಾರಿಗಳು ಒಳಗೆ ಬರಬಾರದು. ಒಂದು ಮನೆಯ ಹೊಸ್ತಿಲನ್ನ ಇಡೀ ಊರಿಗೇ ಹಿಗ್ಗಿಸಿದ ಹಾಗೆ ಅದು.

ಆಮೇಲೆ ಶುರುವಾಗಿದ್ದೇ ಮರುಜಪ್ತಿ. ಜಪ್ತಿ ಮಾಡಿ ಒಯ್ದ ಸಾಮಾನು ಎಲ್ಲಿಟ್ಟಿದ್ದಾರೋ ಅಲ್ಲಿಗೇ ಗುಂಪಾಗಿ ಹೋಗಿ ವಾಪಸ್ ತರೋದು. ಹಗಲಲ್ಲೇ, ಘೋಷಣೆ ಕೂಗ್ತಾ, ಎಲ್ಲರೂ ನೋಡೋ ಹಾಗೆ. ಹೋಗಿದ್ದೂ ಊರ ಮುಂದೆ ತಾನೇ.

ಎಲ್ಲಾ ಸರಿ ಅಂತ ನಾನು ಹೇಳಲ್ಲ. ಸೊಸೈಟಿ ದುಡ್ಡು ಅಂದ್ರೆ ಪಕ್ಕದ ಮನೆ ರೈತನ ಷೇರು ದುಡ್ಡೂ ಹೌದು. ಯಾರೂ ಕಟ್ಟದಿದ್ರೆ ಮುಂದಿನ ವರ್ಷ ಅವನಿಗೇ ಸಾಲ ಸಿಗಲ್ಲ. ಆದ್ರೆ ಬಾಗಿಲು ಕಿತ್ತರೆ ಸಾಲ ಎಷ್ಟು ತೀರುತ್ತೆ ಹೇಳಿ? ಹರಾಜಲ್ಲಿ ಹಳೇ ಬಾಗಿಲಿಗೆ ಏನು ಬೆಲೆ ಬರುತ್ತೆ? ಬ್ಯಾಲೆನ್ಸ್ ಶೀಟ್‌ನಲ್ಲಿ ಆ ಬಾಗಿಲು ಸೊನ್ನೆ. ಅದನ್ನ ಕಿತ್ತಿದ್ದು ದುಡ್ಡಿಗಲ್ಲ, ಉಳಿದ ಮನೆಗಳು ಹೆದರಲಿ ಅಂತ.

ಅದೇ 1980ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಜಾಲಿ ಜಾರ್ಜ್ ವರ್ಗೀಸ್ ಕೇಸಲ್ಲಿ ಒಂದು ಮಾತು ಹೇಳಿತ್ತು. ಬರೆದವರು ಜಸ್ಟಿಸ್ ಕೃಷ್ಣ ಅಯ್ಯರ್. ಕಟ್ಟೋಕೆ ಶಕ್ತಿ ಇಲ್ಲದ ಬಡವನನ್ನ, ಬಡತನ ಒಂದೇ ಕಾರಣಕ್ಕೆ ಸಾಲಕ್ಕಾಗಿ ಸಿವಿಲ್ ಜೈಲಿಗೆ ಹಾಕುವಂತಿಲ್ಲ. ಇದ್ದೂ ಕೊಡದವನ ಕಥೆ ಬೇರೆ.

7/8
ಈಗ ಜೀಪ್ ಹೋಗಿ ಬೈಕ್ ಬಂದಿದೆ.

ನನ್ನ ಕ್ಲಾಸ್‌ಮೇಟ್ ಅಮ್ಮ ಸಂಘದ ಮೂಲಕ ಸಾಲ ತಗೊಂಡಿದ್ರು, ಎರಡು ಕಂತು ಬಾಕಿ. ಸಂಜೆ ಏಳೂಮುಕ್ಕಾಲಿಗೆ ಇಬ್ಬರು ಬಂದ್ರು. ಕಟ್ಟೆ ಮೇಲೆ ಕೂತ್ರು, ಏಳಲ್ಲ ಅಂದ್ರು. ಒಬ್ಬ ಬಾಗಿಲಲ್ಲಿ ನಿಂತಿದ್ದ ಅಮ್ಮನ ಫೋಟೋ ಹೊಡೆದ. ರಾತ್ರಿ ಆ ಫೋಟೋ ಸಂಘದ ಹೆಂಗಸರ ವಾಟ್ಸಾಪ್ ಗ್ರೂಪಲ್ಲಿ ಬಂತು, ಬಾಕಿ ಎಷ್ಟು ಅನ್ನೋದೂ ಕೆಳಗಡೆ. ತಮಟೆ ಅಷ್ಟೇ ಬದಲಾಗಿರೋದು.

ಅಮೀನನಿಗೆ ಕೋರ್ಟ್ ವಾರಂಟ್ ಇರುತ್ತೆ. ಏಜೆಂಟ್‌ಗೆ ಏನೂ ಇಲ್ಲ. ಅವನು ಒಂದು ಚಮಚ ಕೂಡ ಎತ್ತೋ ಹಾಗಿಲ್ಲ, ಕರೀದೆ ಒಳಗೆ ಬರೋ ಹಾಗಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಕಂತನ್ನ ಇಬ್ಬರೂ ಒಪ್ಪಿದ ಜಾಗದಲ್ಲಿ ವಸೂಲಿ ಮಾಡ್ಬೇಕು. ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಬರದಿದ್ರೆ ಮಾತ್ರ ಮನೆಗೆ ಬರಬಹುದು. ಬಾಕಿ ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನೂ ಮಾಡಬಾರದು. ನೆಂಟರು, ಸ್ನೇಹಿತರ ಖಾಸಗಿ ವಿಷಯಕ್ಕೆ ಕೈ ಹಾಕಬಾರದು, ನಾಲ್ಕು ಜನರ ಮುಂದೆ ಅವಮಾನ ಮಾಡಬಾರದು.

2025ರ ಜನವರಿಯಲ್ಲಿ ಮನೆಗೆ ಬೀಗ ಜಡಿದಿದ್ದು, ಜನ ಊರು ಬಿಟ್ಟಿದ್ದು ದಿನಾ ಸುದ್ದಿ. ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆಗೆ ರಾಜ್ಯಪಾಲರ ಸಹಿ ಬಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಇನ್ನು ಆ ಫೋಟೋ. ಖಾಸಗಿತನ ಅನ್ನೋದು ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳೂ ಒಂದೇ ದನಿಯಲ್ಲಿ ಹೇಳಿದ್ರು. ಆ ಕೇಸಿನ ಹೆಸರು ಪುಟ್ಟಸ್ವಾಮಿ ಕೇಸ್. ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಇಡೀ ದೇಶದ ಖಾಸಗಿತನಕ್ಕೆ ಒಬ್ಬ ಕನ್ನಡದ ಅಜ್ಜನ ಹೆಸರು ಅಂಟ್ಕೊಂಡಿದೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

8/8
ಡಿಎಂನಲ್ಲಿ ತುಂಬಾ ಜನ ಕೇಳಿದ್ದು: ಅಕ್ಕಾ, ಬೈಕ್ ಫೈನ್ ಕಟ್ಟಿಲ್ಲ, ಮನೆಗೆ ಬರ್ತಾರಾ?

ರಸ್ತೆಯಲ್ಲಿ ಬಿದ್ದ ಚಲನ್ ಇಟ್ಕೊಂಡು ಯಾರೂ ನೇರ ಮನೆ ಸಾಮಾನು ಎತ್ತಲ್ಲ. ಕೇಸ್ ಕೋರ್ಟಿಗೆ ಹೋಗಿ, ಅಲ್ಲಿ ದಂಡ ವಿಧಿಸಿ, ಅದನ್ನೂ ಕಟ್ಟದಿದ್ರೆ ಆಗ ಕೋರ್ಟಿಗೆ ಎರಡು ದಾರಿ. ಚರಾಸ್ತಿ ಜಪ್ತಿಗೆ ವಾರಂಟ್ ಕೊಡಬಹುದು, ಇಲ್ಲಾ ಭೂಕಂದಾಯದ ಬಾಕಿ ಥರ ವಸೂಲಿ ಮಾಡಿ ಅಂತ ಡಿಸಿಗೆ ಬರೀಬಹುದು. ಮುಂಚೆ ಇದು ಸಿಆರ್‌ಪಿಸಿ 421, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 461. ಫೈನ್ ಬಾಕಿ ಇದೆ ಅಂತ ವಾಟ್ಸಾಪಲ್ಲಿ ಎಪಿಕೆ ಫೈಲ್ ಬಂದ್ರೆ ಒತ್ತಬೇಡಿ, ಅದು ಅಕೌಂಟ್ ಖಾಲಿ ಮಾಡೋರದ್ದು. 2023ರ ಫೆಬ್ರವರಿ ಥರ ಅರ್ಧ ರಿಯಾಯಿತಿ ಬಿಟ್ಟಾಗ ಸುಮ್ನೆ ಕಟ್ಬಿಡಿ.

ಕ್ಲಾಸ್‌ಮೇಟ್ ಏನು ಮಾಡಿದ್ಲು ಅಂದ್ರೆ, ಆ ಗ್ರೂಪಿನ ಮೆಸೇಜ್ ಸ್ಕ್ರೀನ್‌ಶಾಟ್ ತೆಗೆದಿಟ್ಲು, ಅವರು ಬಂದ ಟೈಮ್ ಬರೆದಿಟ್ಲು, ಮಾರನೇ ದಿನ ಅಮ್ಮನ ಜೊತೆ ಸ್ಟೇಷನ್‌ಗೆ ಹೋಗಿ ದೂರು ಬರೆದುಕೊಟ್ಲು. ಸಂಜೆಯೊಳಗೆ ಫೋಟೋ ಡಿಲೀಟ್ ಆಯ್ತು. ಬಾಕಿ ಕಂತನ್ನ ಈಗ ಕಟ್ತಾ ಇದ್ದಾರೆ. ಅಮ್ಮ ಮಾತ್ರ ಇನ್ನೂ ಸಂಘದ ಮೀಟಿಂಗ್‌ಗೆ ಹೋಗ್ತಿಲ್ಲ.

ಇದನ್ನ ಅಜ್ಜಿಗೆ ಓದಿ ಹೇಳಿದೆ. 60ನೇ ಸೆಕ್ಷನ್‌ನಲ್ಲಿ ರೈತನ ಮನೆ ಮುಟ್ಟಬಾರದು ಅಂತ 1908ರಿಂದಲೇ ಇದೆ ಅಜ್ಜಿ, ಬಾಗಿಲೂ ಮನೆಯೇ ತಾನೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆ ಸಾಲನ ಮುಂದೆ ಎರಡು ಬೆಳೆ ಶೇಂಗಾ ಮಾರಿ ಪೂರ್ತಿ ತೀರಿಸಿದ್ರಂತೆ. ಹಂಡೆ ವಾಪಸ್ ಬಂತು, ಸೊಟ್ಟ ಆಗಿತ್ತು. ಕೊಡ ಒಂದೇ ಬಂತು. ಬಾಗಿಲು ಕೇಳೋಕೆ ಅಜ್ಜ ಮೂರು ಸಲ ಹೋಗಿದ್ರಂತೆ, ನಾಲ್ಕನೇ ಸಲ ಹೋಗಲಿಲ್ಲ.

"ಹೊನ್ನೆ ಮರದ್ದು ಕಣವ್ವ ಅದು" ಅಂದ್ರು ಅಜ್ಜಿ, ಸಂದಿಗೆ ಸೀರೆ ತುರುಕ್ತಾ.