ಟವೆಲಿನ ಅಡಿಯ ದರ

ನಮ್ಮಪ್ಪ ಲೆಕ್ಕ ಬರೆಯುತ್ತಿದ್ದ ಅಡಿಕೆ ಮಂಡಿಯಲ್ಲಿ ಟೆಲಿಫೋನಿಗೆ ಒಂದು ಮರದ ಪೆಟ್ಟಿಗೆ ಇತ್ತು. ಪೆಟ್ಟಿಗೆಗೆ ಬೀಗ, ಬೀಗದ ಕೈ ಸಾಹುಕಾರರ ಉಡಿದಾರದಲ್ಲಿ. ಶಿವಮೊಗ್ಗದ ಮಳೆಗಾಲದಲ್ಲಿ ಜಿರಳೆ ಸೇರದಿರಲೆಂದು ಒಳಗೆ ನಾಲ್ಕು ನುಸಿಗುಳಿಗೆ. ಫೋನು ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ವಾಸನೆ.

ಮುಂಬಯಿಗೆ ಬೆಳಿಗ್ಗೆ ಎಂಟಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಊಟದ ಹೊತ್ತಿಗೋ ಸಂಜೆಗೋ ಲೈನು ಸಿಗುತ್ತಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಹೆಸರು ಹೇಳಿ ಇಂಥವರನ್ನೇ ಕರೆಸಬೇಕಾದರೆ ಪಿಪಿ ಕಾಲ್. ಗಂಟೆ ಬಾರಿಸಿದ ಕೂಡಲೇ ಅಂಗಡಿಯ ಹಮಾಲರೂ ಮಾತು ನಿಲ್ಲಿಸುತ್ತಿದ್ದರು. ಸಾಹುಕಾರರು ರಿಸೀವರ್ ಎತ್ತಿಕೊಂಡು ಕೂಗುತ್ತಿದ್ದರು: "ಅತ್ತೆ, ಭಾವ, ಅಜ್ಜ ಹೊರಟಿದ್ದಾರೆ!"

ನನಗೆ ಎಂಟು ವರ್ಷ. ಅವರ ಮನೆಯಲ್ಲಿ ಯಾವಾಗಲೂ ಯಾರೋ ಪ್ರಯಾಣ ಹೊರಟಿರುತ್ತಾರೆ ಅಂದುಕೊಂಡಿದ್ದೆ. ವರ್ಷಗಳಾದ ಮೇಲೆ ಅಪ್ಪ ಹೇಳಿದರು: ಅತ್ತೆ ಅಂದರೆ ಏಳು, ಭಾವ ಅಂದರೆ ಮೂರು, ಅಜ್ಜ ಅಂದರೆ ಐದು. ಕ್ವಿಂಟಾಲಿಗೆ 735 ರೂಪಾಯಿ ಅಂತ ಅರ್ಥ. ಮುಂಬಯಿಯಲ್ಲಿ ಅವರ ಪರವಾಗಿ ಮಾಲು ಮಾರುತ್ತಿದ್ದವರು ನಮ್ಮ ತೀರ್ಥಹಳ್ಳಿ ಕಡೆಯವರೇ ಆಗಿದ್ದರಿಂದ ಈ ಲೆಕ್ಕ ನಡೆಯುತ್ತಿತ್ತು. ಶಿವಮೊಗ್ಗಕ್ಕೂ ಮುಂಬಯಿಗೂ ನಡುವೆ ಎಷ್ಟು ಆಪರೇಟರುಗಳು ಪ್ಲಗ್ಗು ಚುಚ್ಚುತ್ತಿದ್ದರೋ ಅಷ್ಟು ಕಿವಿಗಳು. ಅವರು ಕೆಟ್ಟವರೆಂದಲ್ಲ. ಲೈನು ಜೋಡಿಸಿದವರು ಆ ಕಡೆಯ ಮಾತು ಕೇಳಿಸುತ್ತಿದೆಯೇ ಎಂದು ಕಿವಿ ಕೊಡಲೇಬೇಕು. ಆದರೆ ಇವತ್ತು ಕಿವಿಗೆ ಬಿದ್ದ ದರ ನಾಳೆಯ ಟೆಂಡರಿನಲ್ಲಿ ಇನ್ನೊಬ್ಬರ ಚೀಟಿಯ ಮೇಲೆ ಕಂಡರೆ ಸಾಹುಕಾರರ ವರ್ಷದ ಲಾಭವೇ ಹೋಯಿತು.

ಈ ಎಚ್ಚರ ಟೆಲಿಫೋನಿಗಿಂತ ಬಹಳ ಹಳೆಯದು. ನಮ್ಮ ದನದ ಜಾತ್ರೆಗಳಲ್ಲಿ ಕೊಳ್ಳುವವನೂ ದಲ್ಲಾಳಿಯೂ ಕೈಮೇಲೆ ಟವೆಲ್ ಹಾಕಿಕೊಂಡು, ಅದರ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದವರಿಗೆ ಗೊತ್ತು. ಸುತ್ತ ಇಪ್ಪತ್ತು ಜನ ನಿಂತಿರುತ್ತಾರೆ, ಎತ್ತು ಎಲ್ಲರ ಎದುರಿಗಿರುತ್ತದೆ, ಬೆಲೆ ಮಾತ್ರ ಇಬ್ಬರಿಗೇ ಗೊತ್ತು. ತಂತಿಯ ಕಾಲದಲ್ಲಿ ದೊಡ್ಡ ಕಂಪನಿಗಳು ಕೋಡ್ ಪುಸ್ತಕಗಳನ್ನೇ ಇಟ್ಟುಕೊಂಡಿದ್ದವು. 1906ರಲ್ಲಿ ಬಂದ ಬೆಂಟ್ಲಿಯ ಪುಸ್ತಕದಂಥವುಗಳಲ್ಲಿ ಒಂದಿಡೀ ವಾಕ್ಯಕ್ಕೆ ಐದಕ್ಷರದ ಒಂದು ಪದ. ತಂತಿಗೆ ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಿದ್ದುದರಿಂದ ಮುಖ್ಯ ಉದ್ದೇಶ ಉಳಿತಾಯ. ಗುಟ್ಟು ಅದರ ಜೊತೆಗೆ ಸಿಗುತ್ತಿತ್ತು. ನಮ್ಮ ಸಾಹುಕಾರರಿಗೆ ಪುಸ್ತಕ ಬೇಕಾಗಲಿಲ್ಲ, ನೆಂಟರು ಸಾಕಾಗಿದ್ದರು.

ನಾನು ಮುಂದೆ ಫೋನಿನ ಕಸುಬಿಗೇ ಬಂದೆ. ಅಂಗಡಿ, ಮಂಡಿ, ಆಸ್ಪತ್ರೆ, ಲಾಡ್ಜುಗಳಿಗೆ ಫೋನು ಕೂರಿಸುವುದು, ಈಚಿನ ಇಪ್ಪತ್ತು ವರ್ಷಗಳಲ್ಲಿ ಇಂಟರ್‌ನೆಟ್ ಫೋನು ಮತ್ತು ನೆಟ್‌ವರ್ಕ್ ಕೂರಿಸುವುದು. ಯಾರಾದರೂ "ಯಾವ ಕಂಪನಿಯ ಸರ್ವೀಸ್ ತಗೊಳ್ಳೋಣ?" ಎಂದು ಕೇಳಿದರೆ ನಾನು ಮೊದಲು ಹೇಳುವುದು ಸ್ಟ್ರೌಜರ್‌ನ ಕಥೆ.

ಆಲ್ಮನ್ ಸ್ಟ್ರೌಜರ್ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹೆಣ ಸಂಸ್ಕಾರದ ವ್ಯವಹಾರ ನಡೆಸುತ್ತಿದ್ದವನು. ಅದೇ ಊರಲ್ಲಿ ಅವನಿಗೊಬ್ಬ ಪ್ರತಿಸ್ಪರ್ಧಿ. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರು ಆ ಪ್ರತಿಸ್ಪರ್ಧಿಯ ಕಡೆಯವಳೆಂದೂ, ತನ್ನನ್ನು ಕೇಳಿ ಬರುವ ಕರೆಗಳನ್ನು ಆ ಕಡೆಗೆ ತಿರುಗಿಸುತ್ತಿದ್ದಾಳೆಂದೂ ಅವನಿಗೆ ಅನುಮಾನ. ಅವನು ಆಪರೇಟರೇ ಬೇಡವಾಗುವ ಯಂತ್ರವನ್ನು ಕಟ್ಟಲು ಕೂತ. 1891ರಲ್ಲಿ ಪೇಟೆಂಟ್ ಸಿಕ್ಕಿತು. 1892ರ ನವೆಂಬರಿನಲ್ಲಿ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಲ್ಲಿ ಅವನ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. ಜಗತ್ತು ಮುಂದೆ ಮುಕ್ಕಾಲು ಶತಮಾನ ಬಳಸಿದ ತಂತ್ರ ಹುಟ್ಟಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ, ತನ್ನ ಕರೆ ತನಗೇ ತಲುಪಬೇಕು ಎಂಬ ಒಬ್ಬ ವ್ಯಾಪಾರಿಯ ಸಂಕಟದಲ್ಲಿ.

ಆ ಸಂಕಟದ ಯಂತ್ರ ನಮ್ಮ ನಾಡಿಗೂ ಬಂತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರು. ಅಲ್ಲಿ ತಯಾರಾದದ್ದು ಸ್ಟ್ರೌಜರ್ ಎಕ್ಸ್‌ಚೇಂಜುಗಳು. ಡಿಪ್ಲೊಮಾ ಓದುವಾಗ ಮೇಷ್ಟ್ರು ನಮ್ಮನ್ನು ಅಂಥದೊಂದು ಎಕ್ಸ್‌ಚೇಂಜ್ ನೋಡಲು ಕರೆದುಕೊಂಡು ಹೋಗಿದ್ದರು. ಆಳೆತ್ತರದ ಚೌಕಟ್ಟುಗಳ ಸಾಲು ಸಾಲು, ಊರಲ್ಲಿ ಯಾರೋ ಡಯಲ್ ತಿರುಗಿಸಿದಷ್ಟೂ ಸಣ್ಣ ಕೈಗಳು ಟಕಟಕನೆ ಮೇಲೇರಿ ಅಡ್ಡಕ್ಕೆ ತಿರುಗುವುದು. ಹಂಚಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಕೆಳಗಿನ ಕೋಣೆಯಲ್ಲಿ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಮೇಷ್ಟ್ರು ಹೇಳಿದರು: "ನೋಡ್ರಪ್ಪ, ಊರಲ್ಲಿ ಕರೆಂಟು ಹೋದರೂ ಫೋನು ಮಾತಾಡೋದು ಈ ಕೋಣೆಯಿಂದ." ಮಲೆನಾಡಿನ ಮಳೆಗಾಲದಲ್ಲಿ ಬೆಳೆದ ನನಗೆ ಆ ಮಾತು ಎದೆಗೇ ತಾಗಿತ್ತು. ಮೂರು ದಿನ ಕರೆಂಟಿಲ್ಲದೆ ಸೀಮೆಎಣ್ಣೆ ಬುಡ್ಡಿಯಲ್ಲಿ ಕೂತಾಗಲೂ ಮಂಡಿಯ ಫೋನು ಯಾಕೆ ಬಾರಿಸುತ್ತಿತ್ತು ಎಂಬುದಕ್ಕೆ ಅವತ್ತು ಉತ್ತರ ಸಿಕ್ಕಿತು.

ಎಕ್ಸ್‌ಚೇಂಜ್ ಗಟ್ಟಿಯಿದ್ದರೂ ಲೈನು ಗಟ್ಟಿಯಿರಲಿಲ್ಲ. ಹಳೆಯ ಕೇಬಲ್ಲುಗಳ ಒಳಗೆ ತಂತಿಗೆ ಸುತ್ತಿದ್ದುದು ಕಾಗದ. ಎಲ್ಲೋ ಒಂದು ಜಾಯಿಂಟಿನಲ್ಲಿ ನೀರಿಳಿದರೆ ಆಷಾಢದುದ್ದಕ್ಕೂ ಗರಗರ, ಪಕ್ಕದ ಲೈನಿನ ಮಾತು ನಮ್ಮ ಲೈನಿನಲ್ಲಿ. ಜೆಲ್ಲಿ ತುಂಬಿದ ಕೇಬಲ್ ಬಂದ ಮೇಲೆ ಇದು ಕಡಿಮೆಯಾಯಿತು. ಮರದ ಕೊಂಬೆಗೆ ಮಾತ್ರ ಯಾವ ಜೆಲ್ಲಿಯೂ ಮದ್ದಲ್ಲ.

ನಾನು ಓದುತ್ತಿದ್ದಾಗಲೇ, 1986ರಲ್ಲಿ, ಕಿತ್ತೂರಿನ ಸುದ್ದಿ ಬಂತು. ಅದಕ್ಕೆ ಎರಡು ವರ್ಷದ ಹಿಂದೆ ಹುಟ್ಟಿದ್ದ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಆ ಸಂಸ್ಥೆಯನ್ನು ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಹೆಸರು ಎಲ್ಲರಿಗೂ ಗೊತ್ತು. ನನಗೆ ಆ ಪೆಟ್ಟಿಗೆಯಲ್ಲಿ ಮೆಚ್ಚುಗೆಯಾದ ಸಂಗತಿ ಬೇರೆ: ಅದಕ್ಕೆ ಏರ್‌ಕಂಡೀಷನ್ ಬೇಡ. ಹೊರದೇಶದ ಡಿಜಿಟಲ್ ಎಕ್ಸ್‌ಚೇಂಜುಗಳು ತಂಪು ಕೋಣೆ ಕೇಳುತ್ತಿದ್ದವು. ಇದು ನಮ್ಮ ಸೆಕೆ, ನಮ್ಮ ಧೂಳು, ನಮ್ಮ ಕೈಕೊಡುವ ಕರೆಂಟಿಗೆಂದೇ ಮಾಡಿದ್ದು. ಯಾವ ಸಾಮಾನು ಕೊಳ್ಳುವಾಗಲೂ ಅದು ಯಾವ ಊರಿನ ಹವೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಎಂದು ನಾನು ಕೇಳುವುದು ಕಿತ್ತೂರಿನಿಂದ ಕಲಿತ ಅಭ್ಯಾಸ.

ಎಸ್‌ಟಿಡಿ ಬೂತುಗಳ ಕಾಲವನ್ನು ಬೇಗ ದಾಟುತ್ತೇನೆ. ಹಳದಿ ಬೋರ್ಡು, ಗಾಜಿನ ಬಾಗಿಲು, ಕಾಲು ದರಕ್ಕಾಗಿ ರಾತ್ರಿ ಕಾಯುವ ಸಾಲು, ಕೊನೆಗೆ ಮೆಷಿನ್ ಉಗುಳುವ ಚೀಟಿ. ಆಪರೇಟರಿನ ಕಿವಿ ತಪ್ಪಿತು, ಬೂತಿನವನ ಕಿವಿ ಬಂತು.

ಇಂಟರ್‌ನೆಟ್ ಮೇಲೆ ಮಾತಾಡುವ ತಂತ್ರಾಂಶ 1995ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಅದೇ ವರ್ಷ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ಆದರೆ ಇಂಟರ್‌ನೆಟ್ ದೂರವಾಣಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್ 1ರಿಂದ, ಅದೂ ಅರ್ಧ ಬಾಗಿಲು: ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು, ಇಲ್ಲಿನ ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾತಾಡಬಹುದು, ದೇಶದೊಳಗಿನ ಸಾಮಾನ್ಯ ಫೋನಿಗೆ ಜೋಡಿಸುವ ಹಾಗಿಲ್ಲ. ಆ ಬಾಗಿಲು ಪೂರ್ತಿ ತೆರೆಯಲು 2018ರವರೆಗೆ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಕಳ್ಳದಾರಿಗಳು ಬೆಳೆದವು. ಹೊರದೇಶದ ಕರೆಗಳನ್ನು ಇಂಟರ್‌ನೆಟ್ ಮೇಲೆ ತಂದು, ಡಜನ್‌ಗಟ್ಟಲೆ ಸಿಮ್ ತುರುಕಿದ ಪೆಟ್ಟಿಗೆಗಳ ಮೂಲಕ ಸ್ಥಳೀಯ ಕರೆಯಾಗಿ ಬಿಡುವ ದಂಧೆಯನ್ನು ಪೊಲೀಸರು ಬೆಂಗಳೂರಿನಲ್ಲೂ ಹಿಡಿದಿದ್ದಾರೆ. ಹಾಗಾಗಿ ಯಾರಾದರೂ ತೀರಾ ಅಗ್ಗದ ದರ ಹೇಳಿದರೆ ನಾನು ಮೊದಲು ಲೈಸೆನ್ಸಿನ ಪ್ರತಿ ಕೇಳುತ್ತೇನೆ. ನಿಮ್ಮ ಮಾತು ಯಾರ ಮನೆಯ ಪೆಟ್ಟಿಗೆಯಲ್ಲಿ ಹಾದುಹೋಗುತ್ತದೆ ಎಂದು ಗೊತ್ತಿಲ್ಲದ ಮೇಲೆ ಗುಟ್ಟಿನ ಮಾತೆಲ್ಲಿ?

ನನ್ನ ಕೈಯಲ್ಲೇ ಒಂದು ತಪ್ಪು ನಡೆದಿದೆ. ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿಗೆ ಒಳಗಿನ ಫೋನುಗಳನ್ನು ಹೊರಲೈನಿಗೆ ಜೋಡಿಸುವ ಹೊಸ ಮಾದರಿಯ ಇಪಿಎಬಿಎಕ್ಸ್ ಕೂರಿಸಿದ್ದೆ. ರಿಪೇರಿಗೆಂದು ಪದೇಪದೇ ಹೋಗುವುದು ತಪ್ಪಲಿ ಎಂದು ಇಂಟರ್‌ನೆಟ್ ಮೂಲಕ ಒಳಹೊಕ್ಕು ನೋಡುವ ಬಾಗಿಲನ್ನು ತೆರೆದಿಟ್ಟೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಲಿಲ್ಲ. ದೀಪಾವಳಿಗೆ ಅಂಗಡಿ ಮೂರು ದಿನ ಮುಚ್ಚಿತ್ತು. ಆ ಮೂರು ದಿನ ಯಾರೋ, ಎಲ್ಲಿಂದಲೋ, ಆ ಬಾಗಿಲಿನಿಂದ ನುಗ್ಗಿ ದುಬಾರಿ ವಿದೇಶಿ ನಂಬರುಗಳಿಗೆ ಎಡೆಬಿಡದೆ ಕರೆ ಮಾಡಿದ್ದರು. ಅಂಥ ನಂಬರುಗಳಿಗೆ ಕರೆ ಹೋದಷ್ಟೂ ಅವುಗಳ ಒಡೆಯರಿಗೆ ಪಾಲು ಸಿಗುತ್ತದೆ. ಕಳ್ಳತನ ನಡೆಯುವುದೇ ಅದಕ್ಕಾಗಿ. ಬಿಲ್ಲು ಬಂದ ದಿನ ಆ ವ್ಯಾಪಾರಿ ನನ್ನನ್ನು ಬೈಯಲಿಲ್ಲ. ಬಿಲ್ಲನ್ನು ನನ್ನ ಮುಂದಿಟ್ಟು ಸುಮ್ಮನೆ ಕೂತರು. ಕಂತಿನಲ್ಲಿ ಅರ್ಧ ಹಣ ನಾನು ಕೊಟ್ಟೆ. ಮರದ ಪೆಟ್ಟಿಗೆಗೆ ಬೀಗ ಹಾಕಿ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಸಾಹುಕಾರರು ಅವತ್ತು ಬಹಳ ನೆನಪಾದರು. ಅಂದಿನಿಂದ ಐಎಸ್‌ಡಿ ಬೇಡದ ಕಡೆ ಅದನ್ನು ಕಂಪನಿಯ ಕಡೆಯಿಂದಲೇ ಮುಚ್ಚಿಸುತ್ತೇನೆ, ದಿನಕ್ಕಿಷ್ಟೇ ರೂಪಾಯಿಯ ಕರೆ ಎಂದು ಮಿತಿ ಹಾಕಿಸುತ್ತೇನೆ, ಪಾಸ್‌ವರ್ಡನ್ನು ಮಾಲೀಕರ ಎದುರಿಗೇ ಬದಲಿಸಿ ಅವರ ಕೈಯಲ್ಲೇ ಬರೆಸುತ್ತೇನೆ.

ಕೆಲವು ವರ್ಷಗಳ ಹಿಂದೆ ಅದೇ ಅಡಿಕೆ ಮಂಡಿಯ ಸಾಹುಕಾರರ ಮೊಮ್ಮಗ ಕರೆದ. ದಾವಣಗೆರೆ, ಮುಂಬಯಿ, ಕಾನ್ಪುರದ ಕಚೇರಿಗಳನ್ನೆಲ್ಲ ಇಂಟರ್‌ನೆಟ್ ಫೋನಿನಲ್ಲಿ ಜೋಡಿಸಬೇಕಿತ್ತು. "ಅಣ್ಣ, ಇಬ್ಬರ ಫೈಬರ್ ತಗೊಂಡಿದ್ದೀನಿ, ಒಂದು ಹೋದ್ರೆ ಇನ್ನೊಂದು ಇರುತ್ತೆ" ಅಂದ. ನಾನು ಕೊಡೆ ಹಿಡಿದುಕೊಂಡು ಆ ಎರಡೂ ಕೇಬಲ್ಲುಗಳ ಜಾಡು ಹಿಡಿದು ಬೀದಿಯಲ್ಲಿ ನಡೆದೆ. ಮಂಡಿಯಿಂದ ನಾಲ್ಕನೆಯ ಕಂಬದಲ್ಲಿ ಎರಡೂ ಒಂದೇ ಕಟ್ಟಾಗಿ, ಅಲ್ಲಿಂದ ಮುಂದೆ ಒಂದೇ ಸಾಲಿನ ಕರೆಂಟು ಕಂಬಗಳ ಮೇಲೆ ಹೋಗುತ್ತಿದ್ದವು. ಬಿಲ್ಲು ಎರಡು, ದಾರಿ ಒಂದು. ಒಂದು ಮರ ಬಿದ್ದರೆ ಎರಡೂ ಹೋಗುತ್ತವೆ. ಒಂದನ್ನು ಬಿಡಿಸಿ, ಹಿಂದಿನ ಓಣಿಯಿಂದ ನೆಲದಡಿ ಬರುವ ಬೇರೆಯವರದನ್ನು ಹಾಕಿಸಿದೆ.

ಅವನಿಗೆ ಕಂಪನಿಯವರು ಹೇಳಿದ್ದು ಬರೀ ವೇಗದ ಲೆಕ್ಕ: ಇಷ್ಟು ಎಂಬಿ, ಅಷ್ಟು ಎಂಬಿ. ಮಾತಿಗೆ ಅಷ್ಟೆಲ್ಲ ಬೇಡ. ಸಾಮಾನ್ಯ ರೀತಿಯಲ್ಲಿ ಒಂದು ಕರೆಯ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು, ಮೇಲಿನ ಕಟ್ಟು-ಕಾಗದ ಸೇರಿ ನೂರರೊಳಗೆ ಮುಗಿಯುತ್ತದೆ. ಮಾತಿಗೆ ಬೇಕಾದದ್ದು ಸಮಯ. ಈ ಕಡೆಯ ಮಾತು ಆ ಕಡೆ 150 ಮಿಲಿಸೆಕೆಂಡಿನೊಳಗೆ ಮುಟ್ಟಬೇಕು. ಅದನ್ನು ಮೀರಿದಷ್ಟೂ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. ಚೌಕಾಸಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಎದುರಿನವರು ಯೋಚಿಸಿ ಸುಮ್ಮನಾದರೋ, ಲೈನು ತಡವಾಯಿತೋ ತಿಳಿಯುವುದಿಲ್ಲ.

ಗುಟ್ಟಿನ ವಿಷಯಕ್ಕೆ ಬಂದಾಗ ಅವನಿಗೆ ಟವೆಲಿನ ಮಾತು ಹೇಳಿದೆ. ಇಂಟರ್‌ನೆಟ್ ಫೋನಿನಲ್ಲಿ ಎರಡು ಟವೆಲು ಬೇಕು. ಯಾರು ಯಾರಿಗೆ ಕರೆ ಮಾಡಿದರು ಎಂಬುದನ್ನು ಮುಚ್ಚಲು ಟಿಎಲ್‌ಎಸ್. ಮಾತನ್ನೇ ಮುಚ್ಚಲು 2004ರಲ್ಲಿ ರೂಪುಗೊಂಡ ಎಸ್‌ಆರ್‌ಟಿಪಿ. ಬಹಳಷ್ಟು ಉಪಕರಣಗಳಲ್ಲಿ ಎರಡೂ ಇರುತ್ತವೆ, ಆದರೆ ಹಾಕಿ ಕೊಡಿ ಎಂದು ಕೇಳದಿದ್ದರೆ ಯಾರೂ ಹಾಕುವುದಿಲ್ಲ. ಕರೆಗಳ ರೆಕಾರ್ಡಿಂಗ್ ಎಲ್ಲಿ ಉಳಿಯುತ್ತದೆ, ಒಪ್ಪಂದ ಮುಗಿದ ಮೇಲೆ ಯಾರು ಅಳಿಸುತ್ತಾರೆ ಎಂದು ಕಂಪನಿಯವರನ್ನು ಅವನ ಎದುರಿಗೇ ಕೇಳಿದೆ. ಬಂದಿದ್ದ ಮೂವರಲ್ಲಿ ಒಬ್ಬರು ಮಾತ್ರ ಕಾಗದದ ಮೇಲೆ ಉತ್ತರ ಕೊಟ್ಟರು. ಮೂವರಲ್ಲಿ ಅವರ ದರವೇ ಹೆಚ್ಚು. ಅವರನ್ನೇ ಆರಿಸಿದೆವು.

ಎಲ್ಲ ಕೂರಿಸಿದ ಮೇಲೆ ಒಂದು ಭಾನುವಾರ ಪರೀಕ್ಷೆ. ಅಪ್ಪನೂ ಬಂದು ಗದ್ದಿಗೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಮೊಮ್ಮಗ ಮುಂಬಯಿಗೆ ಕರೆ ಮಾಡಿ ಮಾತಾಡುತ್ತಿದ್ದಾಗ ನಾನು ಮೇನ್ ಸ್ವಿಚ್ ಇಳಿಸಿದೆ. ಫ್ಯಾನ್ ನಿಂತಿತು, ಮಾತು ನಿಲ್ಲಲಿಲ್ಲ, ಬ್ಯಾಟರಿ ಹಿಡಿಯಿತು. ಆಮೇಲೆ ಮೊದಲ ಫೈಬರ್ ಕಿತ್ತೆ. ಕರೆ ಕಡಿಯಿತು. ಅರ್ಧ ನಿಮಿಷದಲ್ಲಿ ಎರಡನೆಯ ದಾರಿಯಿಂದ ಮತ್ತೆ ಮುಂಬಯಿ ಸಿಕ್ಕಿತು. ಅಪ್ಪ ಗಡಿಯಾರ ನೋಡಿ, "ನಮ್ಮ ಕಾಲದಲ್ಲಿ ಅರ್ಧ ದಿನ" ಅಂದರು.

ಸ್ವಿಚ್ ಮೇಲೆತ್ತದೆ ಹಾಗೇ ಬಿಟ್ಟೆ. ಸಂಜೆ ಹೊತ್ತಿಗೆ ಬೀದಿಯ ಕರೆಂಟೂ ಹೋಯಿತು. ನಲವತ್ತು ನಿಮಿಷಕ್ಕೆ ಎರಡನೆಯ ಫೈಬರಿನ ದೀಪ ಕೆಂಪಾಯಿತು. ನಮ್ಮ ಬ್ಯಾಟರಿ ಗಟ್ಟಿಯಿತ್ತು. ಸೋತದ್ದು ಓಣಿಯ ತುದಿಯಲ್ಲಿ ಆ ಕಂಪನಿಯವರು ಇಟ್ಟಿದ್ದ ಪೆಟ್ಟಿಗೆಯೊಳಗಿನ ಬ್ಯಾಟರಿ. ತಾಮ್ರದ ತಂತಿ ತನ್ನ ಜೊತೆಗೇ ಕರೆಂಟನ್ನೂ ತರುತ್ತಿತ್ತು. ಗಾಜಿನ ಎಳೆಯಲ್ಲಿ ಬರುವುದು ಬೆಳಕು ಮಾತ್ರ. ದಾರಿಯಲ್ಲಿ ಅದನ್ನು ದಾಟಿಸುವ ಪ್ರತಿ ಪೆಟ್ಟಿಗೆಗೂ ಅದರದೇ ಕರೆಂಟು ಬೇಕು. ಮಾರನೆಯ ದಿನ ಅವರನ್ನು ಕರೆಸಿ, ಆ ಪೆಟ್ಟಿಗೆ ಎಷ್ಟು ಗಂಟೆ ತಡೆಯಬೇಕೆಂಬುದನ್ನು ಒಪ್ಪಂದದಲ್ಲಿ ಬರೆಸಿದೆ, ಬ್ಯಾಟರಿ ಬದಲಿಸುವವರೆಗೆ ಬಿಡಲಿಲ್ಲ.

ಈಗ ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ, ಮಳೆ ಹಿಡಿಯುವ ಮೊದಲು, ಮಂಡಿಗೆ ಹೋಗಿ ಮೇನ್ ಸ್ವಿಚ್ ಇಳಿಸಿ ಕೂರುತ್ತೇನೆ.