ಏಳನೇ ಕಾಲಮ್ಮಿನ ನಕ್ಷತ್ರ

ಕಲಬುರಗಿಯ ಶರಣಬಸವೇಶ್ವರ ಗುಡಿ ಹತ್ತಿರದ ಹಳೇ ಅಂಗಡಿಗಳ ಖಾತೆಪುಸ್ತಕ ನೋಡಿದೀರಾ? ತಪ್ಪಿದ ಅಂಕಿ ಅಳಿಸೋದಿಲ್ಲ. ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೀತಾರೆ. ಎಎಸ್/400 ಮಷಿನ್ನಿನ ಹಿರಿಯ ಪ್ರೋಗ್ರಾಮರುಗಳೂ ಹಾಗೇ ಮಾಡ್ತಿದ್ರು.

1988ರ ಜೂನ್‌ನಲ್ಲಿ ಐಬಿಎಂ ಈ ಮಷಿನ್ ಘೋಷಿಸಿದಾಗ ಕಂಪನಿಯೇ ಭಾರತದಲ್ಲಿರಲಿಲ್ಲ. 1978ರಲ್ಲಿ ಹೋಗಿದ್ದು ಟಾಟಾ ಜೊತೆ ಮರಳಿದ್ದು 1992ರಲ್ಲಿ. ಅದರ ಆರ್‌ಪಿಜಿ ಕೋಡಿನ ಒಂದು ಸಾಲು ಅಂದ್ರೆ 92 ಅಕ್ಷರ: ಸಾಲಿನ ಸಂಖ್ಯೆಗೆ 6, ತಾರೀಖಿಗೆ 6, ಕೋಡಿಗೆ 80 (ಪಂಚ್ ಕಾರ್ಡಿನ ಅಗಲ!). ಸಾಲು ಮುಟ್ಟಿದರೆ ಎಡಿಟರ್ ತಾನೇ ತಾರೀಖು ಒತ್ತುತ್ತಿತ್ತು. ಯಾರು ಮುಟ್ಟಿದರು, ಮೊದಲೇನಿತ್ತು ಅನ್ನೋದು ಮಾತ್ರ ಗೊತ್ತಾಗ್ತಿರಲಿಲ್ಲ. ಅದಕ್ಕೇ ಏಳನೇ ಕಾಲಮ್ಮಿನಲ್ಲಿ ನಕ್ಷತ್ರ ಹಾಕಿ ಹಳೇ ಸಾಲನ್ನ ಕಾಮೆಂಟ್ ಮಾಡಿ, ತಮ್ಮ ಇನಿಶಿಯಲ್ ಬರೆದಿಡ್ತಿದ್ರು.

2005ರಲ್ಲಿ ಲಿನಕ್ಸ್‌ಗಾಗಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಈಗ ಈ ಮಷಿನ್ನಿನ ಮೇಲೂ ಓಡ್ತದೆ. ಬೇಕೇ ಬೇಕು, ವಾದವಿಲ್ಲ. ಆದರೆ ಗಿಟ್‌ಗೆ ಸಾದಾ ಫೈಲ್ ಬೇಕು. ಇಲ್ಲಿನ ಕೋಡ್ ಇರೋದು ಲೈಬ್ರರಿಯೊಳಗಿನ ಮೆಂಬರಿನಲ್ಲಿ. ಮಾಮೂಲಿ ಕಮಾಂಡಿನಲ್ಲಿ ಫೈಲಿಗೆ ನಕಲು ಮಾಡಿದರೆ ಆ ಆರಂಕಿ ತಾರೀಖುಗಳು ಉದುರಿಹೋಗ್ತವೆ. ಆಮೇಲೆ ಗಿಟ್ ಬ್ಲೇಮ್ ಕೇಳಿ ನೋಡಿ: ಮೂವತ್ತು ವರ್ಷದ ಅಷ್ಟೂ ಸಾಲು ಮೊನ್ನೆ ಸಾಗಿಸಿದ ಹುಡುಗನ ಹೆಸರಲ್ಲಿ, ಒಂದೇ ದಿನಕ್ಕೆ! ಬಡ್ಡಿ ಲೆಕ್ಕದ ಈ ಸಾಲು ಯಾವ ವರ್ಷ ಬದಲಾಯ್ತು ಅಂತ ಆಡಿಟರ್ ಕೇಳಿದರೆ ಉತ್ತರ ಹಳೇ ಮೆಂಬರಿನಲ್ಲಿದೆ, ಗಿಟ್‌ನಲ್ಲಲ್ಲ. ಹಾಗಾಗಿ ಹಳೇ ಲೈಬ್ರರಿ ಅಳಿಸೋ ಮುಂಚೆ ಅದನ್ನೊಂದು ಸೇವ್ ಫೈಲಿಗೆ ಹಾಕಿಡಿ.