ತಿಳವಳ್ಳಿ ಸೀಮೆಯಲ್ಲಿ ದುಡಿಮೆಯ ಮಾಸಗತಿ: ಒಂದು ಐತಿಹಾಸಿಕ ವಿವೇಚನೆ

ಯಾವ ತಿಂಗಳಲ್ಲಿ ಎಷ್ಟು ಜನರಿಗೆ ಕೆಲಸ ದೊರೆಯಿತು, ಯಾವ ಕಸುಬಿನವರಿಗೆ ಬೇಡಿಕೆ ಹೆಚ್ಚಿತು ಎಂಬುದನ್ನು ಅಂಕಿಗಳ ಮೂಲಕ ಅರಿಯುವ ಪದ್ಧತಿಯು ತೀರ ಈಚಿನದು. ಭಾರತ ಸರಕಾರವು 2017ರಲ್ಲಿ ಕೈಗೊಂಡ ನಿಯತಕಾಲಿಕ ಶ್ರಮಬಲ ಸಮೀಕ್ಷೆಯು ಮಾಸಿಕ ಅಂಕಿಗಳನ್ನು ಪ್ರಕಟಿಸತೊಡಗಿದ್ದು 2025ರ ಮೇ ತಿಂಗಳಿನಿಂದ. ಅಂಕಿ ಹೊಸದಾದರೂ ಪ್ರಶ್ನೆ ಹಳೆಯದು. ದುಡಿದು ಉಣ್ಣುವವನಿಗೆ ವರ್ಷದ ಸರಾಸರಿ ಎಂಬುದು ಎಂದೂ ಇರಲಿಲ್ಲ. ಈ ತಿಂಗಳು ಕೆಲಸವುಂಟೇ ಇಲ್ಲವೇ ಎಂಬುದಷ್ಟೇ ಇತ್ತು. ಹಾನಗಲ್ಲ ತಾಲೂಕಿನ ತಿಳವಳ್ಳಿಯನ್ನು ನಡುವೆ ಇರಿಸಿಕೊಂಡು, ಸುತ್ತಣ ಹಿರೇಕೆರೂರು, ಸವಣೂರು, ಶಿಗ್ಗಾಂವಿ ಭಾಗಗಳನ್ನೂ ಗಮನಿಸುತ್ತ, ಈ ಪ್ರಶ್ನೆಯ ಚರಿತ್ರೆಯನ್ನು ಕಿಂಚಿತ್ ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತಿಳವಳ್ಳಿಯು ಹಾನಗಲ್ಲಿನ ದಕ್ಷಿಣಕ್ಕೆ, ಆನವಟ್ಟಿಯ ದಾರಿಯಲ್ಲಿ ಇರುವ ಊರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಇದು ಮುಂಬಯಿ ಪ್ರಾಂತದ ಗಡಿಯಂಚಿನಲ್ಲಿತ್ತು; ಆನವಟ್ಟಿ, ಸೊರಬಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದುವು. ಧಾರವಾಡದ ಕಲೆಕ್ಟರರ ಕಾಗದಪತ್ರಗಳು ಈ ಗಡಿಯಲ್ಲಿ ನಿಂತುಬಿಡುತ್ತವೆ. ಕೂಲಿಯವರು ಮಾತ್ರ ನಿಲ್ಲಲಿಲ್ಲ. ಗಡಿಯ ಸಂಗತಿಗಿಂತ ಮಣ್ಣಿನ ಸಂಗತಿ ಹೆಚ್ಚು ಮಹತ್ವದ್ದು. ಹಾನಗಲ್ಲಿನ ಪಡುವಲ ಭಾಗ ಅರೆಮಲೆನಾಡು. ಕೆರೆಗಳ, ಭತ್ತದ ನೆಲ. ಮೂಡಲಕ್ಕೆ ಸರಿದಂತೆ ಮಳೆ ಕಡಿಮೆಯಾಗಿ, ಜೋಳ-ಹತ್ತಿಗಳ ಬಯಲು ತೆರೆದುಕೊಳ್ಳುತ್ತದೆ. ಒಂದೆರಡು ದಿನದ ಕಾಲುನಡಿಗೆಯ ಅಂತರದಲ್ಲಿ ಎರಡು ಬಗೆಯ ಬೇಸಾಯ, ಆದ್ದರಿಂದ ದುಡಿಮೆಯ ಎರಡು ಬಗೆಯ ಪಂಚಾಂಗ. ಈ ಪ್ರಬಂಧದ ಮುಖ್ಯ ಪ್ರಮೇಯಗಳೆಲ್ಲ ಇದನ್ನೇ ಅವಲಂಬಿಸಿವೆ.

ಪ್ರಾಚೀನ ಕಾಲದ ಬಗ್ಗೆ ಹೇಳಬಹುದಾದುದು ಸ್ವಲ್ಪವೇ. ಪಾನುಂಗಲ್ಲು ಐನೂರು ಕದಂಬರ ಆಳ್ವಿಕೆಗೆ ಒಳಪಟ್ಟಿದ್ದ ನಾಡು. ತಿಳವಳ್ಳಿಯ ಶಾಂತೇಶ್ವರ ದೇವಾಲಯವು ಹದಿಮೂರನೆಯ ಶತಮಾನದ ಮೊದಲರ್ಧದ, ಸೇಉಣರ ಕಾಲದ ಕಟ್ಟಡ. ಅಂಥ ದೇಗುಲವೊಂದು ಏಳಬೇಕಾದರೆ ಕಲ್ಲುಕುಟಿಗರು, ರೂವಾರಿಗಳು, ಬಂಡಿಯವರು ಹಲವು ಬೇಸಗೆಗಳ ಕಾಲ ಇಲ್ಲಿ ಕೆಲಸ ಮಾಡಿರಲೇಬೇಕು. ಆದರೆ ಶಾಸನಗಳು ದಾನಿಯ ಹೆಸರನ್ನೂ ದತ್ತಿಯ ವಿವರವನ್ನೂ ಹೇಳುವಷ್ಟು ವಿಶದವಾಗಿ ಕೂಲಿಯನ್ನು ಹೇಳುವುದಿಲ್ಲ. ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಎಲೆ-ಅಡಕೆ ಎಂದು ಕಸುಬಿನ ಒಕ್ಕಲುಗಳು ಬಿಟ್ಟ ಆಯದಿಂದ ಯಾವ ಕಸುಬುಗಳಿದ್ದುವೆಂಬುದು ತಿಳಿಯುತ್ತದೆ. ಚೈತ್ರಪವಿತ್ರದಂತಹ ಪರ್ವಗಳ ಉಲ್ಲೇಖದಿಂದ ಆ ಆಯಗಳನ್ನು ಯಾವ ಕಾಲದಲ್ಲಿ ವಿನಿಯೋಗಿಸುತ್ತಿದ್ದರೆಂಬುದು ತಿಳಿಯುತ್ತದೆ. ಅದಕ್ಕೂ ಹೆಚ್ಚಿನದನ್ನು ಅವುಗಳಿಂದ ಹಿಂಡಲು ಹೋಗಬಾರದು.

ರೈತನ ತಿಂಗಳು ಮಳೆಯ ನಕ್ಷತ್ರ. ಹದಿಮೂರು-ಹದಿನಾಲ್ಕು ದಿನಗಳ ಒಂದೊಂದು ಮಳೆಗೂ ಒಂದೊಂದು ಕೆಲಸ ನಿಗದಿಯಾಗಿರುತ್ತದೆ. ಹಾನಗಲ್ಲು, ಕಲಘಟಗಿ ಮೊದಲಾದ ತಾಲೂಕುಗಳ ಒಂದು ವೈಶಿಷ್ಟ್ಯವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಇಲ್ಲಿ ಭತ್ತವನ್ನು ಮಲೆನಾಡಿನಂತೆ ಸಸಿಮಡಿ ಮಾಡಿ ನಾಟಿ ಹಾಕುವುದಕ್ಕಿಂತ ಒಣನೆಲದಲ್ಲಿಯೇ ಕೂರಿಗೆಯಿಂದ ಬಿತ್ತುವುದು ಹಳೆಯ ವಾಡಿಕೆ. ಅಡ್ಡಮಳೆಗೆ ನೆಲ ಹದಗೊಂಡು, ಮೇ ತಿಂಗಳ ಕೊನೆಯಲ್ಲಿ ರೋಹಿಣಿ ಹುಟ್ಟಿದೊಡನೆ ಬಿತ್ತಿಗೆ ನಡೆಯುತ್ತದೆ. ಕೂರಿಗೆಯ ಬಿತ್ತಿಗೆಗೆ ಬೇಕಾಗುವುದು ಒಂದು ಜೋಡಿ ಎತ್ತು, ಎರಡು ಮೂರು ಆಳು, ಮನೆಯವರೇ ಸಾಲುತ್ತಾರೆ. ನಾಟಿಯ ಸೀಮೆಯಲ್ಲಾದರೋ ಆಷಾಢದಲ್ಲಿ ಊರಿಗೆ ಊರೇ ಗದ್ದೆಗಿಳಿಯುತ್ತದೆ. ಆದ್ದರಿಂದ ಕೂರಿಗೆಯ ನಾಡಿನಲ್ಲಿ ಬಿತ್ತನೆಯ ಕಾಲ ಕೂಲಿಗಾರನಿಗೆ ಸುಗ್ಗಿಯಲ್ಲ. ಆಗ ಬೇಡಿಕೆ ಇರುತ್ತಿದ್ದುದು ಬಡಿಗನಿಗೆ ಮತ್ತು ಕಮ್ಮಾರನಿಗೆ. ಯುಗಾದಿ ಕಳೆದ ಮೇಲೆ ಕೂರಿಗೆಯ ತಾಳು, ಕುಂಟೆಯ ಕುಡ, ಬಂಡಿಯ ಗಾಲಿ ಎಂದು ರೈತರು ಅವರ ಮನೆಯ ಮುಂದೆ ಸರದಿ ಕಾಯುತ್ತಿದ್ದರು.

ಬಿತ್ತಿದ ಭತ್ತದೊಡನೆ ಕಳೆಯೂ ಏಳುತ್ತದೆ. ನೀರು ನಿಲ್ಲಿಸಿ ನೆಟ್ಟ ಗದ್ದೆಗಿಂತ ಒಣಬಿತ್ತಿಗೆಯ ಗದ್ದೆಯಲ್ಲಿ ಕಳೆ ಬಹಳ. ಸಾಲುಗಳ ನಡುವೆ ಎಡೆ ಹೊಡೆದು ಕೆಲವನ್ನು ಕೊಲ್ಲಬಹುದು. ಸಾಲಿನೊಳಗಿನದನ್ನು ಕೈಯಿಂದಲೇ ಕೀಳಬೇಕು. ಆರಿದ್ರೆಯಿಂದ ಆಶ್ಲೇಷೆಯವರೆಗೆ, ಎಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನ ವರೆಗೆ, ಸುರಿಯುವ ಮಳೆಯಲ್ಲಿ ಗೊರಬು ಹೊದ್ದು ಬಾಗಿ ನಿಂತು ಈ ಕೆಲಸ ಮಾಡುತ್ತಿದ್ದವರು ಹೆಣ್ಣುಮಕ್ಕಳು. ಈ ಸೀಮೆಯ ದುಡಿಮೆಯ ವರ್ಷದಲ್ಲಿ ಆಳುಗಳ ಬೇಡಿಕೆಯ ಮೊದಲ ಏರಿಕೆ ಇದೇ. ಮತ್ತು ಅದು ಬಹುಮಟ್ಟಿಗೆ ಹೆಂಗಸರ ಬೇಡಿಕೆ. ಹಗೇವಿನ ಕಾಳು ತಳಕಂಡು, ಹೊಸ ಪೈರು ಇನ್ನೂ ಹೊಡೆಗೆ ಬಾರದ ಕಾಲವೂ ಇದೇ ಆಗಿದ್ದಿತು. ಗಂಡಾಳಿಗೆ ಕೆಲಸ ಕಡಿಮೆಯಿರುವಾಗ ಹೆಣ್ಣಾಳಿನ ಸೇರು-ಅರೆಸೇರು ಕಾಳಿನ ಕೂಲಿಯಿಂದ ಮನೆಯ ಒಲೆ ಉರಿಯುತ್ತಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಗಂಡಾಳಿಗಿಂತ ಹೆಣ್ಣಾಳಿಗೆ ಕೂಲಿ ಕಡಿಮೆ ಕೊಡುವ ಪದ್ಧತಿಗೂ ಈ ಸಂಗತಿಗೂ ಯಾವ ತಾಳಮೇಳವೂ ಇರಲಿಲ್ಲ.

ಎರಡನೆಯ ಏರಿಕೆ ಕೊಯ್ಲಿನದು. ಶೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆ, ವಿಶಾಖೆಯ ಮಳೆ ಹಿಂದಾಗುತ್ತಲೇ ಕುಡಗೋಲು ಹೊರಬೀಳುತ್ತವೆ. ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಕೊಯ್ಲು, ಬಣವಿ, ಕಣ, ಹಂತಿ, ರಾಶಿ ಒಂದರ ಬೆನ್ನಿಗೆ ಒಂದು ಬರುತ್ತವೆ. ರಾಶಿಯ ಕಣದಲ್ಲಿಯೇ ಆಯಗಾರರ ಪಾಲು ಸಲ್ಲುತ್ತಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಮಿಣಿ-ಬಾರುಕೋಲು ಒದಗಿಸುವ ಮಾದರ, ಇವರ ದುಡಿಮೆ ವರ್ಷವಿಡೀ ಹರಡಿದ್ದರೂ ಪ್ರತಿಫಲ ಒಂದೇ ತಿಂಗಳಿನದು. ಆ ತಿಂಗಳು ಫಸಲು ಕೆಟ್ಟರೆ ಇಡೀ ವರ್ಷದ ದುಡಿಮೆ ಕೆಟ್ಟಂತೆಯೇ. ಸಂಬಳದಾಳುಗಳ ಕರಾರು ವಾಡಿಕೆಯಂತೆ ಯುಗಾದಿಯಿಂದ ಯುಗಾದಿಗೆ. ಮಗಳ ಮದುವೆಗೋ ಹಳೆಯ ಸಾಲಕ್ಕೋ ಮುಂಗಡ ಪಡೆದವನಿಗೆ ಆ ಯುಗಾದಿ ಬಾರದೆ ಹೋಗುತ್ತಿದ್ದುದೂ ಉಂಟು. ಜೀತ ಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ.

ಭತ್ತದ ಸುಗ್ಗಿ ಮುಗಿಯುವ ಹೊತ್ತಿಗೆ ಮೂಡಲ ಬಯಲಿನಲ್ಲಿ ಹಿಂಗಾರಿಯ ಸುಗ್ಗಿ ಆರಂಭವಾಗುತ್ತದೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತಿದ ಹತ್ತಿಯನ್ನು ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್ ವರೆಗೆ. ನಡುವೆ ಜೋಳದ ಕೊಯ್ಲು. ಹೀಗೆ ಎರಡು ಮಣ್ಣಿನ ಪಂಚಾಂಗಗಳು ಒಂದಕ್ಕೊಂದು ಪೂರಕವಾಗಿದ್ದುದರಿಂದ ಪಡುವಲ ಕೂಲಿಕಾರರು ಮೂಡಲಕ್ಕೆ ಹೋಗಿ ಇನ್ನೆರಡು ತಿಂಗಳು ಹೊಟ್ಟೆ ಹೊರೆಯಬಹುದಾಗಿತ್ತು. ಸವಣೂರಿನ ಎಲೆಬಳ್ಳಿಯ ತೋಟಗಳು ಇದಕ್ಕೆ ಅಪವಾದ. ನೀರು ಹಾಯಿಸುವುದು, ಬಳ್ಳಿ ಕಟ್ಟುವುದು, ಎಲೆ ಕೊಯ್ಯುವುದು ಹನ್ನೆರಡು ತಿಂಗಳೂ ನಡೆಯುವ ಕೆಲಸಗಳು. ಅಲ್ಲಿಯ ತೋಟಿಗನಿಗೆ ಮಳೆಯ ನಕ್ಷತ್ರಗಳ ಹಂಗು ಕಡಿಮೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪಂಚಾಂಗದೊಳಕ್ಕೆ ಹೊಸ ಕಸುಬುಗಳು ಪ್ರವೇಶಿಸಿದುವು. 1840ರ ದಶಕದಲ್ಲಿ ಕಂಪನಿ ಸರಕಾರವು ಧಾರವಾಡ ಸೀಮೆಯಲ್ಲಿ ಅಮೇರಿಕದ ಹತ್ತಿಯನ್ನು ಬಳಕೆಗೆ ತಂದಿತು. ಕುಮಟೆ ಹತ್ತಿ ಎಂದು ಹೆಸರಾದ ನಾಡಹತ್ತಿಯ ಕಾಳನ್ನು ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ಅಮೇರಿಕದ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಈ ಉಪಾಯ ಸಾಗದು. ಗರಗಸದ ಹಲ್ಲಿನ ಯಂತ್ರ ಬೇಕು. ಯಂತ್ರ ಬಂದೊಡನೆ ಅದರ ಹಲ್ಲು ಮಸೆದು ರಿಪೇರಿ ಮಾಡಬಲ್ಲ ಕಮ್ಮಾರನಿಗೆ ಬೇಡಿಕೆ ಬಂದಿತು. ಕಾಲುಸಲಾಕೆಯ ಹೆಂಗಸಿನ ಕೆಲಸ ಅಷ್ಟರಮಟ್ಟಿಗೆ ಕುಗ್ಗಿತು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿ, ಅದರೊಡನೆ ಕೂಲಿಯೂ ಬಂಡಿಯ ಬಾಡಿಗೆಯೂ ಏರಿದುವು. ಆಗಿನ ಕಾಲದಲ್ಲಿ ಬೇಡಿಕೆಯ ಕಸುಬು ಯಾವುದೆಂದು ಕೇಳಿದರೆ ಬಂಡಿ ಹೊಡೆಯುವುದು ಎಂದೇ ಉತ್ತರಿಸಬೇಕು. ಘಟ್ಟವಿಳಿದು ಕುಮಟೆಯ ಬಂದರಿಗೆ ಹತ್ತಿ ಹೊತ್ತು, ಮರಳಿ ಬರುವಾಗ ಉಪ್ಪು-ತೆಂಗಿನಕಾಯಿ ತರುವ ಈ ಕೆಲಸ ಎತ್ತುಳ್ಳ ರೈತನಿಗೆ ಬೇಸಗೆಯ ತಿಂಗಳುಗಳನ್ನು ತುಂಬಿಕೊಟ್ಟಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾವೇರಿ, ಬ್ಯಾಡಗಿಗಳ ಮೇಲೆ ಹಾದುಹೋಗಿ, ಮಾರ್ಮಗೋವೆಯ ಬಂದರಿಗೂ ಹಳಿ ಕೂಡಿದ ಮೇಲೆ ಕುಮಟೆಯ ದಾರಿ ಬರಿದಾಯಿತು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ತಿಂಗಳ ಸಂಬಳ ಎಂಬ ಹೊಸ ವಸ್ತು ಹುಟ್ಟಿದ್ದೂ ಆ ದಶಕದಲ್ಲಿಯೇ. ಬೇಸಗೆಯ ಬಾಡಿಗೆಯನ್ನು ಕಳೆದುಕೊಂಡ ಹಾನಗಲ್ಲಿನ ಬಂಡಿಕಾರನೇ ಹುಬ್ಬಳ್ಳಿಯ ಕಾರ್ಖಾನೆಗೆ ಸೇರಿದನೆಂದು ಭಾವಿಸಲು ಮಾತ್ರ ಆಧಾರವಿಲ್ಲ. ಒಂದು ಕಸುಬು ಹೋಗಿ ಇನ್ನೊಂದು ಬಂದಾಗ ಬಹಳ ಸಲ ಮನುಷ್ಯರು ಬೇರೆಯವರೇ ಆಗಿರುತ್ತಾರೆ.

ದುಡಿಮೆಯ ತಿಂಗಳು ತಪ್ಪಿದರೆ ಏನಾಗುವುದೆಂಬುದನ್ನು 1876–78ರ ಬರ ತೋರಿಸಿಕೊಟ್ಟಿತು. 1876ರ ಮಳೆ ಹೋಯಿತು. ಮೂಡಲ ತಾಲೂಕುಗಳಲ್ಲಿ ಹಿಂಗಾರಿ ಬಿತ್ತಿಗೆಯೇ ಆಗಲಿಲ್ಲ. ಆದ್ದರಿಂದ ಎಡೆ ಇಲ್ಲ, ಕಳೆ ಇಲ್ಲ, ಕೊಯ್ಲಿಲ್ಲ, ಹತ್ತಿ ಬಿಡಿಸುವುದಿಲ್ಲ. ಪೇಟೆಯಲ್ಲಿ ಕಾಳು ಮುಗಿಯುವ ಮುನ್ನವೇ ಕೂಲಿ ಮುಗಿದಿತ್ತು. ಪಡುವಲ ಅರೆಮಲೆನಾಡಿನಲ್ಲಿ ಬರದ ಉಗ್ರತೆ ಕಡಿಮೆಯಿದ್ದರೂ ಅಲ್ಲಿಯ ಕೂಲಿಗಾರನು ನೆಚ್ಚಿಕೊಂಡಿದ್ದ ಬೇಸಗೆಯ ಎರಡು ತಿಂಗಳ ಮೂಡಲ ಕೆಲಸ ಇಲ್ಲವಾಯಿತು. ಸರಕಾರವು ಪರಿಹಾರದ ಕಾಮಗಾರಿಗಳನ್ನು ತೆರೆದುದು ನಿಜ. ಆದರೆ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲನು ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಅಲ್ಪ ನಗದಿನ ಮಟ್ಟಕ್ಕೆ ಇಳಿಸಲು, ಮುಂಬಯಿ ಪ್ರಾಂತದಲ್ಲಿ ಸಾವಿರಾರು ಜನರು ಕಾಮಗಾರಿಗಳನ್ನು ತೊರೆದು ಹೊರಬಂದರು. 1872ರಲ್ಲಿ ಹತ್ತು ಲಕ್ಷದ ಸಮೀಪಕ್ಕಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಒಂಬತ್ತು ಲಕ್ಷಕ್ಕೂ ಕೆಳಗಿಳಿದಿತ್ತು. ಬರವು ಮೊದಲು ಹೊಡೆಯುವುದು ಹೊಲದ ಕೂಲಿಯನ್ನು ಎಂಬ ತಥ್ಯವನ್ನು 1880ರ ಬರಗಾಲ ಆಯೋಗವೇ ಒಪ್ಪಿಕೊಂಡಿತು. ಒಂದು ಶತಮಾನದ ತರುವಾಯ, 1981ರಲ್ಲಿ, ಅಮರ್ತ್ಯ ಸೇನರು ಅದನ್ನು ಸಿದ್ಧಾಂತದ ರೂಪಕ್ಕೆ ತಂದರು.

ಈ ಸಂದರ್ಭದಲ್ಲಿ ಜನಗಣತಿಯನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಹೇಳಬೇಕಾಗುತ್ತದೆ. 1881ರ ಗಣತಿ ನಡೆದದ್ದು ಫೆಬ್ರವರಿ 17ರಂದು. 1901ರದು ಮಾರ್ಚ್ 1ರಂದು. 1951, 1961ರವೂ ಮಾರ್ಚ್ ಮೊದಲ ದಿನಕ್ಕೆ ಅನ್ವಯಿಸಿದವು. ಹಾನಗಲ್ಲಿನಲ್ಲಿ ಅದು ರಾಶಿ ಮುಗಿದು ಗದ್ದೆ ಖಾಲಿ ಬಿದ್ದ ಕಾಲ. ಆ ದಿನ ಬಾಗಿಲಿಗೆ ಬಂದ ಗಣತಿದಾರನಿಗೆ “ಏನು ಉದ್ಯೋಗ?” ಎಂಬ ಪ್ರಶ್ನೆಗೆ ದೊರೆತ ಉತ್ತರದಲ್ಲಿ ಆರಿದ್ರೆಯ ಕಳೆ ಎಷ್ಟರ ಮಟ್ಟಿಗೆ ನೆನಪಿಗೆ ಬಂದೀತು? 1961ರಲ್ಲಿ ಹಂಗಾಮಿನ ಕೆಲಸವನ್ನೂ ಉದಾರವಾಗಿ ಎಣಿಕೆಗೆ ಹಿಡಿದರು. 1971ರಲ್ಲಿ “ಮುಖ್ಯ ಚಟುವಟಿಕೆ” ಯಾವುದೆಂದು ಕೇಳಿದರು. ಮನೆವಾರ್ತೆ ಎಂದು ಉತ್ತರ ಬಂದಲ್ಲೆಲ್ಲ ದುಡಿಯುವ ಹೆಣ್ಣು ಪಟ್ಟಿಯಿಂದ ಜಾರಿದಳು. ಹತ್ತು ವರ್ಷಗಳಲ್ಲಿ ಭಾರತದ ದುಡಿಯುವ ಹೆಂಗಸರ ಸಂಖ್ಯೆ ಕಾಗದದ ಮೇಲೆ ಸುಮಾರು ಅರ್ಧಕ್ಕೆ ಇಳಿಯಿತು. ಹೊಲದಲ್ಲಿ ಹಾಗೇನೂ ಆಗಿರಲಿಲ್ಲ. 1981ರಿಂದ 183 ದಿನಗಳ ಅಳತೆಗೋಲು ಬಂದಿತು. ಅದಕ್ಕೆ ಕಡಿಮೆ ದುಡಿದವರು ಅಂಚಿನ ಕೆಲಸಗಾರರು. ಕಳೆ, ಕೊಯ್ಲು, ಹತ್ತಿ ಎಂದು ಮೂರು ಹಂಗಾಮು ಬಾಗಿದ ಹೆಣ್ಣುಮಗಳ ದಿನಗಳನ್ನು ಕೂಡಿಸಿದರೂ ಆ ಸಂಖ್ಯೆ ಮುಟ್ಟುವುದು ಕಷ್ಟ. ಹಾಗೆಂದು ಅವಳ ದುಡಿಮೆ ಅಂಚಿನದೇ?

1970ರ ನಂತರದ ಬದಲಾವಣೆಗಳಲ್ಲಿ ಎರಡನ್ನು ಮಾತ್ರ ಪ್ರಸ್ತಾಪಿಸುತ್ತೇವೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ರೂಪಿಸಿದರು. ಸಂಕರ ಬೀಜವನ್ನು ಪ್ರತಿವರ್ಷವೂ ಹೊಸದಾಗಿ ಮಾಡಬೇಕು. ಒಂದೊಂದು ಮೊಗ್ಗಿನ ಕೇಸರವನ್ನು ಸಂಜೆ ಕಿತ್ತು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗವನ್ನು ಕೈಯಿಂದ ಮುಟ್ಟಿಸಬೇಕು. ರಾಣೆಬೆನ್ನೂರು, ಹಿರೇಕೆರೂರುಗಳ ಸುತ್ತ ಹತ್ತಿ, ಮೆಣಸಿನಕಾಯಿ, ಟೊಮ್ಯಾಟೊ ಬೀಜದ ಪ್ಲಾಟುಗಳಲ್ಲಿ ಹಬ್ಬಿದ “ಕ್ರಾಸಿಂಗ್” ಎಂಬ ಈ ಕಸುಬಿಗೆ ಹಳೆಯ ಪಂಚಾಂಗದಲ್ಲಿ ಹೆಸರಿರಲಿಲ್ಲ. ಸಣ್ಣ ಬೆರಳುಗಳಿಗೆ ಸುಲಭವೆಂಬ ನೆಪದಿಂದ ಶಾಲೆಯ ಹುಡುಗಿಯರನ್ನು ಇದಕ್ಕೆ ಹಚ್ಚಿದುದು ಈ ಏಳಿಗೆಯ ಕಪ್ಪು ಮುಖ. ಇನ್ನೊಂದು ಬದಲಾವಣೆ ಗೋವಿನಜೋಳದ್ದು. ಹಾವೇರಿ ಜಿಲ್ಲೆಯಲ್ಲಿ ಅದು ಹತ್ತಿ-ಜೋಳಗಳ ನೆಲವನ್ನು ಬಹುಮಟ್ಟಿಗೆ ಆಕ್ರಮಿಸಿತು. ಕೊಯ್ಲು ಭತ್ತದ ಕೊಯ್ಲಿನ ಆಸುಪಾಸಿಗೇ ಬಂದಿತು. ಮೂಡಲ-ಪಡುವಲ ಪಂಚಾಂಗಗಳ ಹಳೆಯ ಹೊಂದಾಣಿಕೆ ಹೀಗೆ ಮುರಿಯಿತು. ಕಳೆನಾಶಕದ ಸಿಂಪರಣೆ ಆರಿದ್ರೆ-ಪುನರ್ವಸುವಿನ ಹೆಣ್ಣಾಳಿನ ಬೇಡಿಕೆಯನ್ನು ತಗ್ಗಿಸಿತು. ಬೆನ್ನುನೋವು ತಪ್ಪಿತೆಂದು ಸಂತೋಷಪಡುವುದು ಯುಕ್ತವೇ. ಕೂಲಿಯೂ ಅದರೊಡನೆ ತಪ್ಪಿದುದನ್ನು ಮರೆಯುವಂತಿಲ್ಲ.

2005ರ ಉದ್ಯೋಗ ಖಾತರಿ ಕಾಯಿದೆ 2008ರಲ್ಲಿ ಹಾವೇರಿ ಜಿಲ್ಲೆಗೆ ವಿಸ್ತರಿಸಿದಾಗ ವರ್ಷಕ್ಕೆ 100 ದಿನಗಳ ಕೆಲಸವನ್ನು ಕೇಳುವ ಹಕ್ಕು ಗ್ರಾಮೀಣ ಕುಟುಂಬಕ್ಕೆ ದೊರೆಯಿತು. ಯಾವ ತಿಂಗಳು ಕೇಳಬೇಕೆಂಬುದು ಕೇಳುವವರಿಗೆ ಬಿಟ್ಟದ್ದಾಗಿತ್ತು. ಅದರ ಸ್ಥಾನದಲ್ಲಿ 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಯು ದಿನಗಳನ್ನು 125ಕ್ಕೆ ಏರಿಸಿ, ಬಿತ್ತನೆ ಮತ್ತು ಕೊಯ್ಲಿನ ಭರದ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶವಿಟ್ಟಿದೆ. ಆ ದಿನಗಳನ್ನು ಗೊತ್ತುಪಡಿಸುವವರು ಸೊರಬದ ನಾಟಿಯ ಗದ್ದೆಯನ್ನೂ ತಿಳವಳ್ಳಿಯ ಕೂರಿಗೆಯ ಗದ್ದೆಯನ್ನೂ ಒಂದೇ ಬಿತ್ತನೆಯೆಂದು ಎಣಿಸಿದಲ್ಲಿ, ಎರಡು ಮೂರು ಆಳುಗಳಿಂದ ಮುಗಿಯುವ ರೋಹಿಣಿಯ ಬಿತ್ತಿಗೆಗಾಗಿ ಊರಿನ ಉಳಿದ ಕೂಲಿಕಾರರೆಲ್ಲ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಕೆರೆಯ ಹೂಳೆತ್ತಲು ಅದು ಮಳೆಗೆ ಮುಂಚಿನ ಕಡೆಯ ವಾರ.